ದೊಡ್ಡವರ ಗೊಂಬೆ

ನಮ್ಮೂರ ಟಿವಿ ಸ್ಟೇಷನ್ನಿನ ಸ್ಟುಡಿಯೋ ಗೋಡೆಯ ಮೇಲೆ, ನೆಲದಿಂದ ಏಳಡಿ ಎತ್ತರಕ್ಕೆ, ಒಂದು ಕೆಂಪು ಗೆರೆ ಇದೆ. ಕ್ಯಾಮೆರಾಕ್ಕೆ ಅಲ್ಲಿಯವರೆಗೆ ಮಾತ್ರ ಕಾಣುತ್ತದೆ. ಅದಕ್ಕಿಂತ ಎತ್ತರದವರು ಬಂದು ನಿಂತರೆ ಪರದೆಯ ಮೇಲೆ ಅಂಗಿಯ ಗುಂಡಿಗಳು ಭಾಷಣ ಮಾಡುತ್ತವೆ. ಹಿಂದೊಮ್ಮೆ ನೀರಿನ ಮಂಡಳಿಯ ಅಧ್ಯಕ್ಷರ ಸಂದರ್ಶನ ಹಾಗೇ ಪ್ರಸಾರವಾಗಿ, ಊರಿನವರು ವಾರಗಟ್ಟಲೆ ಅವರ ಮೂರನೆಯ ಗುಂಡಿಯ ಬಗ್ಗೆ ಮಾತಾಡಿಕೊಂಡರು. ಕ್ಯಾಮೆರಾದ ಮುಖವನ್ನು ಮೇಲಕ್ಕೆ ತಿರುಗಿಸಬಹುದಿತ್ತಲ್ಲ ಅಂದರೆ, ಹಾಗೆ ತಿರುಗಿಸಿದಾಗ ದೊಡ್ಡವರ ಮೂಗಿನ ಹೊಳ್ಳೆ ಕಾಣುತ್ತದೆ, ಅದು ಅಗೌರವ. ಕೊನೆಗೆ ನಿಯಮ ಬಂತು: ಗೆರೆ ದಾಟಿದವರನ್ನು ಚಲಿಸುವ ಚಿತ್ರವಾಗಿ ಬರೆದು ತೋರಿಸಬೇಕು. ದನಿ ಅವರದೇ, ಮೈ ಮಾತ್ರ ನಮ್ಮ ಕೈಯದು. ಹಾಗೆ ಹುಟ್ಟಿಕೊಂಡದ್ದು ದೊಡ್ಡವರ ಗೊಂಬೆ ವಿಭಾಗ. ನಾನು ಅಲ್ಲಿ ಇಪ್ಪತ್ತಾರು ವರ್ಷದಿಂದ ಹಿನ್ನೆಲೆ ಬರೆಯುತ್ತಿದ್ದೇನೆ. ಆಕಾಶ, ಕಂಬ, ಕಿಟಕಿಯ ಪರದೆ, ದೂರದ ಗುಡ್ಡ. ಅದರ ಮುಂದೆ ಯಾರು ಬಂದು ನಿಲ್ಲುತ್ತಾರೆ ಅನ್ನುವುದಕ್ಕೆ ನಾನು ತಲೆ ಕೆಡಿಸಿಕೊಂಡವನಲ್ಲ.

ನಮ್ಮೂರಲ್ಲಿ ಇಪ್ಪತ್ತು ವರ್ಷ ದಾಟಿದ ಮೇಲೆ ಮನುಷ್ಯ ಬೆಳೆಯುವುದು ಬಹುವಚನದಿಂದ. ಒಬ್ಬಿಬ್ಬರು ‘ನೀವು’ ಅಂದರೆ ಒಂದು ಕೂದಲೆಳೆ. ಊರಿಗೆ ಊರೇ ‘ಅವರು ಬಂದರು, ಅವರು ಹೋದರು’ ಅನ್ನತೊಡಗಿದರೆ ಅಂಗಿ ಬಿಗಿಯಾಗುತ್ತದೆ. ಮೇಷ್ಟರುಗಳು ಶಾಲೆಯ ಹೊತ್ತಿನಲ್ಲಿ ನಾಲ್ಕು ಬೆರಳು ಏರಿ ಸಂಜೆಗೆ ಇಳಿಯುತ್ತಾರೆ. ಅಳಿಯಂದಿರು ಹಬ್ಬಕ್ಕೆ ಮಾವನ ಮನೆಗೆ ಹೊರಡುವಾಗ ಪ್ಯಾಂಟಿನ ಮಡಿಕೆ ಬಿಚ್ಚಿಸಿಕೊಳ್ಳುತ್ತಾರೆ, ವಾಪಸು ಬರುವ ಬಸ್ಸಿನಲ್ಲಿ ಮತ್ತೆ ಮಡಚಿಕೊಳ್ಳುತ್ತಾರೆ. ಬಡ್ತಿ ಸಿಕ್ಕವರ ಮನೆಯಲ್ಲಿ ಬಾಗಿಲು ಎತ್ತುವ ಶಾಸ್ತ್ರ ನಡೆಯುತ್ತದೆ. ಬಡಗಿ ಬಂದು ಹಳೆಯ ಬಾಗಿಲವಾಡ ಕಿತ್ತು ಎತ್ತರದ್ದು ಕೂರಿಸಿ ಅರಿಶಿನ ಕುಂಕುಮ ಹಚ್ಚುತ್ತಾನೆ, ಬಡ್ತಿ ಪಡೆದವರು ತಲೆ ತಗ್ಗಿಸದೆ ಒಳಗೆ ನಡೆಯುತ್ತಾರೆ, ಬಂದವರಿಗೆಲ್ಲ ಪಾಯಸ. ಎತ್ತಿದ ಬಾಗಿಲನ್ನು ಇಳಿಸುವ ಶಾಸ್ತ್ರ ಮಾತ್ರ ನಮ್ಮಲ್ಲಿಲ್ಲ. ನಿವೃತ್ತರ ಬೀದಿಗೆ ಹೋದರೆ ಹನ್ನೆರಡು ಅಡಿ ಬಾಗಿಲ ಕೆಳಗೆ ಐದೂವರೆ ಅಡಿಯ ಮುದುಕರು ಪೇಪರ್ ಓದುತ್ತ ಕೂತಿರುತ್ತಾರೆ.

ಅಂಬುಜಾಕ್ಷಿ ನಮ್ಮಲ್ಲಿಗೆ ಗೊಂಬೆಗಳ ಗೆರೆ ಎಳೆಯುವವಳಾಗಿ ಬಂದಾಗ ಐದಡಿ ಎರಡಂಗುಲ ಇದ್ದಳು. ಊರಿನ ಬಾಗಿಲುಗಳನ್ನೆಲ್ಲ ಎತ್ತುವ ಬಡಗಿ ಮೌನೇಶಾಚಾರಿಯ ಹೆಂಡತಿ. ನಮ್ಮ ಕೋಣೆ ಮೆಟ್ಟಿಲ ಕೆಳಗಿದೆ, ಬಾಗಿಲು ಐದೇ ಅಡಿ. ಮೊದಲ ದಿನ ಒಳಗೆ ಬರುವಾಗ ಹಣೆ ಬಡಿದುಕೊಂಡಳು. ನಾನು ಕುಂಚ ತೊಳೆಯುತ್ತ, “ಬಗ್ಗೇ, ಬಗ್ಗು” ಅಂದೆ. “ನಮ್ಮನೇಲೂ ದಿನಾ ಇದೇ ಮಾತು” ಅಂತ ಹಣೆ ಉಜ್ಜಿಕೊಂಡು ನಕ್ಕಳು. ಆಮೇಲೆ ಅದೇ ನಮ್ಮಿಬ್ಬರ ನಡುವಿನ ನಮಸ್ಕಾರವಾಯಿತು. ಬೆಳಗ್ಗೆ ಅವಳು ಬಾಗಿಲಿಗೆ ಬಂದರೆ ನಾನು ತಲೆ ಎತ್ತದೆಯೇ “ಬಗ್ಗೇ ಅಂಬುಜಾ” ಅನ್ನುವುದು, ಅವಳು “ಬಗ್ಗಿದೆ ಗಂಗಣ್ಣ” ಅನ್ನುವುದು.

ಉಳಿದವರೆಲ್ಲ ದೊಡ್ಡವರ ಚಿತ್ರವನ್ನು ಮುಖದಿಂದ ಶುರುಮಾಡಿ, ಮುಖಕ್ಕೇ ಹಾಳೆಯೆಲ್ಲ ಖರ್ಚಾಗಿ, ಕಾಲನ್ನು ಮೇಜಿನ ಹಿಂದೆ ಅಡಗಿಸುತ್ತಿದ್ದರು. ಅವಳು ಶುರುಮಾಡುತ್ತಿದ್ದದ್ದು ಚಪ್ಪಲಿಯಿಂದ. ಯಾಕೆ ಅಂತ ಕೇಳಿದೆ. “ಅವ್ರ ಮುಖ ಎಲ್ಲೋ ಮೋಡದಲ್ಲಿರತ್ತೆ ಗಂಗಣ್ಣ. ನಂಗೆ ಕಾಣ್ಸೋದು ಕಾಲು. ಕಾಣ್ಸಿದ್ದರಿಂದ ಶುರು ಮಾಡ್ತೀನಿ, ಮುಖ ತಾನಾಗೇ ಬರತ್ತೆ” ಅಂದಳು. ಬರುತ್ತಲೂ ಇತ್ತು. ಮಾರುಕಟ್ಟೆ ಸಮಿತಿಯ ಅಧ್ಯಕ್ಷರು ಸ್ವಚ್ಛತೆಯ ಬಗ್ಗೆ ಮಾತಾಡುವಾಗ ಒಂದು ಹಿಮ್ಮಡಿಯಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದರು. ವಿದ್ಯಾಧಿಕಾರಿಗಳು ಹನ್ನೊಂದಡಿ ಇದ್ದೂ ತುದಿಗಾಲಲ್ಲಿ ನಿಲ್ಲುತ್ತಿದ್ದರು. ಅವಳು ಕಂಡದ್ದನ್ನು ಬರೆದಳು, ಅಷ್ಟೇ. ಎಷ್ಟೋ ವರ್ಷದ ಮೇಲೆ ಜನ ವಾರ್ತೆ ನೋಡತೊಡಗಿದರು.

ಆಗ ಅವಳ ತಲೆಗೆ ಒಂದು ಹುಳ ಹೊಕ್ಕಿತು. ಗೊಂಬೆಗಳು ಬರೀ ಭಾಷಣ ಯಾಕೆ ಮಾಡಬೇಕು? ಮಕ್ಕಳು ಮಲಗಿದ ಮೇಲೆ ಬೆಳೆದವರು ಕೂತು ನೋಡುವಂಥ ಒಂದು ಗೊಂಬೆ ಚಿತ್ರ ಯಾಕಾಗಬಾರದು? ಅರ್ಜಿ ಬರೆದಳು. ಮೇಲೆ ದಪ್ಪ ಅಕ್ಷರದಲ್ಲಿ ‘ದೊಡ್ಡವರಿಗಾಗಿ ಗೊಂಬೆ ಚಿತ್ರ’ ಅಂತ ಹಾಕಿದಳು. ಸ್ಟೇಷನ್ ನಿರ್ದೇಶಕರಾದ ಪರಶಿವಯ್ಯನವರ ಕೋಣೆಗೆ ಇಬ್ಬರೂ ಹೋದೆವು, ಮಾದರಿ ಹಾಳೆಗಳು ನನ್ನ ಕಂಕುಳಲ್ಲಿದ್ದವು. ಪರಶಿವಯ್ಯನವರು ಒಂಬತ್ತೂವರೆ ಅಡಿ. ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ಮೊದಲ ಸಾಲು ಓದಿದರು. ಎರಡನೆಯ ಸಾಲಿಗೆ ಹೋಗಲಿಲ್ಲ. ಅವರ ಕಣ್ಣು ಒದ್ದೆಯಾಯಿತು.

“ದೊಡ್ಡವರಿಗಾಗಿ” ಅಂದರು. “ಎಷ್ಟು ವರ್ಷ ಆಯ್ತಮ್ಮ. ರೈತರಿಗಾಗಿ ಇದೆ, ಮಹಿಳೆಯರಿಗಾಗಿ ಇದೆ, ಶಿಶುಗಳಿಗೂ ಇದೆ. ನಮ್ಮಂಥೋರಿಗಾಗಿ ಅಂತ ಯಾರಾದ್ರೂ ಒಂದು ಕಾರ್ಯಕ್ರಮ ಮಾಡಿದ್ರಾ?”

ಅಂಬುಜಾಕ್ಷಿ, “ಸರ್, ದೊಡ್ಡವರು ಅಂದ್ರೆ ನಾನು ಹೇಳಿದ್ದು ವಯಸ್ಸಿಗೆ...” ಅಂತ ಬಾಯಿ ತೆಗೆದಳು. ನಾನು ಜೋರಾಗಿ ಕೆಮ್ಮಿದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಮಾಡಿದ ಒಂದೇ ಉಪಯೋಗದ ಕೆಲಸ ಆ ಕೆಮ್ಮು. ಬುಧವಾರ ರಾತ್ರಿ ಒಂಬತ್ತು ಗಂಟೆ, ಊರೆಲ್ಲ ಟಿವಿ ಮುಂದಿರುವ ಹೊತ್ತು, ಅವಳಿಗೆ ಸಿಕ್ಕಿತು.

ಕಾರ್ಯಕ್ರಮದ ಹೆಸರು ‘ತೊಲೆಯಪ್ಪನವರು’. ಹದಿಮೂರು ಅಡಿಯ ಮನುಷ್ಯ, ಯಾವ ಇಲಾಖೆ ಅಂತ ಹೇಳುವುದಿಲ್ಲ. ಪ್ರತಿ ವಾರ ಒಂದು ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾರೆ. ಅಷ್ಟೇ ಕಥೆ. ಒಂದು ವಾರ ಕ್ಷೌರದಂಗಡಿ, ಒಂದು ವಾರ ತಂಗಿಯ ಬಾಣಂತಿ ಕೋಣೆ. ಹೊಸದಾಗಿ ಮದುವೆಯಾದವರ ಕೋಣೆಯ ಬಾಗಿಲಲ್ಲಿ ಸಿಕ್ಕಿಕೊಂಡು ಬೆಳಗಿನ ತನಕ ಕುಟುಂಬ ಯೋಜನೆಯ ಬಗ್ಗೆ ಮಾತಾಡಿದ ಕಂತನ್ನು ಜನ ಈಗಲೂ ನೆನೆಸಿಕೊಳ್ಳುತ್ತಾರೆ. ಸಿಕ್ಕಿಕೊಂಡ ಮೇಲೂ ಭಾಷಣ ನಿಲ್ಲುವುದಿಲ್ಲ. ಸುತ್ತಲಿನವರು ತಮ್ಮ ಪಾಡಿಗೆ ಬದುಕು ಸಾಗಿಸುತ್ತಾರೆ. ಒಬ್ಬಳು ಅವರ ತೋಳಿನ ಮೇಲೆ ಹಪ್ಪಳ ಹರವುತ್ತಾಳೆ. ಒಬ್ಬ ಮೊಣಕಾಲಿಗೆ ಸೈಕಲ್ ಒರಗಿಸಿ ಬೀಗ ಹಾಕುತ್ತಾನೆ. “ಸಾರ್, ಒಂಚೂರು ಉಸಿರು ಎಳ್ಕಳಿ, ಹಾಲಿನೋನು ಒಳಗೆ ಹೋಗ್ಬೇಕು” ಅನ್ನುತ್ತಾರೆ. ಆ ಬಾಗಿಲುಗಳನ್ನೆಲ್ಲ ಬರೆದವನು ನಾನು. ಬಾಗಿಲು ಹಿನ್ನೆಲೆಯ ಲೆಕ್ಕಕ್ಕೆ ಬರುತ್ತದೆ.

ದೊಡ್ಡವರು ಸಿಟ್ಟಾಗುತ್ತಾರೆ ಅಂತ ನಾವು ಮೊದಲ ವಾರ ಎದೆ ಹಿಡಿದುಕೊಂಡು ಕೂತಿದ್ದೆವು. ಗುರುವಾರ ಬೆಳಗ್ಗೆ ವಿದ್ಯಾಧಿಕಾರಿಗಳ ಫೋನು ಬಂತು. “ಮಾರುಕಟ್ಟೆ ಅಧ್ಯಕ್ಷರನ್ನ ಚೆನ್ನಾಗಿ ಹಿಡಿದಿದ್ದೀರಿ. ಹೊಟ್ಟೆ ಇನ್ನೂ ಸ್ವಲ್ಪ ಇರಬೇಕಿತ್ತು.” ಮಧ್ಯಾಹ್ನ ಮಾರುಕಟ್ಟೆ ಅಧ್ಯಕ್ಷರು ಒಂದು ಬುಟ್ಟಿ ಸೀಬೆಹಣ್ಣು ಕಳಿಸಿ, ವಿದ್ಯಾಧಿಕಾರಿಗಳ ನಡಿಗೆ ಥೇಟ್ ಹಾಗೇ ಇದೆ ಅಂತ ಚೀಟಿ ಇಟ್ಟಿದ್ದರು. ಪರಶಿವಯ್ಯನವರು ತಾವೇ ಮೆಟ್ಟಿಲವರೆಗೆ ಬಂದು, “ನೀರಿನ ಮಂಡಳಿಯವ್ರಿಗೆ ನೋವಾಗಿರತ್ತೆ, ಪಾಪ” ಅಂತ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಹೋದರು. ಯಾರೊಬ್ಬರಿಗೂ ಅದು ತಾವೇ ಇರಬಹುದು ಅನ್ನಿಸಲಿಲ್ಲ. ತಿದ್ದಿಸಬೇಕು ಅನ್ನಿಸಿದ್ದರೂ ಕಷ್ಟವಿತ್ತು. ಚಿತ್ರ ತಿದ್ದುವುದಾದರೆ ನಮ್ಮ ಕೋಣೆಯ ಮೇಜಿಗೆ ಬಂದೇ ತಿದ್ದಬೇಕು ಅನ್ನುವುದು ಮೊದಲಿನಿಂದ ಬಂದ ಕ್ರಮ, ಆ ಐದಡಿ ಬಾಗಿಲಲ್ಲಿ ಅವರು ಯಾರೂ ಹಿಡಿಸುತ್ತಿರಲಿಲ್ಲ.

ಹೆಸರು ಬಂದ ಮೇಲೆ ಬಡ್ತಿ ಬರದೆ ಇರುತ್ತದೆಯೇ? ಮೊದಲು ಮುಖ್ಯ ಕಲಾವಿದೆ, ಆಮೇಲೆ ವಿಭಾಗದ ಮುಖ್ಯಸ್ಥೆ, ಆಮೇಲೆ ಕಾರ್ಯಕ್ರಮಗಳ ಮುಖ್ಯಸ್ಥೆ. ತರಕಾರಿಯವಳು ‘ಅಂಬುಜಕ್ಕಾ ಬಾ’ ಅನ್ನುತ್ತಿದ್ದವಳು ‘ಬನ್ನಿ ಮೇಡಂ’ ಅಂದಳು. ಬಸ್ಸಿನವರು ಎದ್ದು ಸೀಟು ಬಿಟ್ಟರು. ಐದಡಿ ಎಂಟಂಗುಲ, ಆರಡಿ ಎರಡಂಗುಲ, ಆರಡಿ ಹತ್ತಂಗುಲ. ನಮ್ಮ ಕೋಣೆಗೆ ಅವಳು ಸೊಂಟ ಬಗ್ಗಿಸಿ ಬರುತ್ತಿದ್ದಳು, ಆಮೇಲೆ ಮಂಡಿಯೂರಿ ಬಂದಳು. ನಾನು ಯಾವತ್ತು ‘ಬಗ್ಗೇ ಅಂಬುಜಾ’ ಬಿಟ್ಟು ‘ನಿಧಾನ ಮೇಡಂ’ ಅಂದೆ ಅನ್ನುವುದು ನನಗೆ ನೆನಪಿಲ್ಲ. ಅಂದದ್ದಂತೂ ನಿಜ. ಅವಳ ಮುಖ ಒಂದು ಕ್ಷಣ ಸಣ್ಣಗಾದದ್ದು ಕಂಡೆ, ಕಂಡೂ ಕುಂಚ ತೊಳೆಯುತ್ತ ಕೂತೆ. ಅದಕ್ಕೆ ಈಗಲೂ ನನಗೆ ನಾಚಿಕೆಯಿದೆ.

ಅವಳ ಮನೆಯದೇ ದೊಡ್ಡ ತಾಪತ್ರಯ. ಊರಿನ ಬಾಗಿಲೆಲ್ಲ ಎತ್ತುವ ಮೌನೇಶಾಚಾರಿಗೆ ತನ್ನ ಮನೆಯ ಬಾಗಿಲು ಎತ್ತುವಂತಿರಲಿಲ್ಲ. ಬಾಡಿಗೆ ಮನೆ. ಬಾಗಿಲ ಮೇಲಿನ ತೊಲೆಯೇ ಮಹಡಿಯನ್ನು ಹೊತ್ತಿತ್ತು. “ಇದನ್ನ ತೆಗುದ್ರೆ ಮೇಲಿನ್ಮನೆ ನಂಜಮ್ಮಜ್ಜಿ ಒಲೆ ಸಮೇತ ನಮ್ಮ ಮಡ್ಲಿಗೆ ಬೀಳ್ತಾಳೆ” ಅನ್ನುತ್ತಿದ್ದ. ಅವಳಿಗೂ ಬಾಗಿಲು ಎತ್ತುವ ಆಸೆಯಿರಲಿಲ್ಲ. “ಊರೆಲ್ಲ ಮೇಡಂ ಅನ್ಲಿ ಗಂಗಣ್ಣ, ಮನೆ ಬಾಗ್ಲಲ್ಲಿ ಅವ್ರು ‘ಬಗ್ಗೇ’ ಅಂತಾರಲ್ಲ, ಅಷ್ಟು ಹೊತ್ತು ನಾನು ನಾನೇ ಆಗಿರ್ತೀನಿ” ಅಂತ ಒಮ್ಮೆ ನನ್ನ ಹತ್ತಿರ ಹೇಳಿದ್ದಳು. ಅವಳಿಗಿದ್ದ ಭಯ ಅದೊಂದೇ. ಕೆಂಪು ಗೆರೆ ದಾಟಿದರೆ ಆ ಮನೆಗೂ ಹಿಡಿಸುವುದಿಲ್ಲ, ಈ ಕೋಣೆಗೂ ಹಿಡಿಸುವುದಿಲ್ಲ.

ಆ ವರ್ಷದ ದೊಡ್ಡವರ ಚಹಾ ಕೂಟಕ್ಕೆ ಹಿಂಬದಿಯ ಪರದೆ ಬರೆಯಲು ನನ್ನನ್ನು ಕರೆದಿದ್ದರು. ಏಣಿಯ ಮೇಲೆ ಕೂತು ಗುಡ್ಡಕ್ಕೆ ಹಸಿರು ಬಳಿಯುತ್ತಿದ್ದೆ. ಕೆಳಗೆ ವಿದ್ಯಾಧಿಕಾರಿಗಳು ಮಾರುಕಟ್ಟೆ ಅಧ್ಯಕ್ಷರ ಬೆನ್ನು ತಟ್ಟಿ, “ತೊಲೆಯಪ್ಪನನ್ನ ಇಷ್ಟು ಸಮಾಧಾನವಾಗಿ ತಗೊಂಡ್ರಲ್ಲ, ನಿಮ್ಮದು ದೊಡ್ಡ ಮನಸ್ಸು” ಅಂದರು. ಅಧ್ಯಕ್ಷರು, “ನಾನ್ಯಾಕೆ ತಗೊಳ್ಳಲಿ? ಅದು ನೀವಲ್ವೇ?” ಅಂದರು. ಇಬ್ಬರೂ ನೀರಿನ ಮಂಡಳಿಯವರ ಕಡೆ ನೋಡಿದರು. ನೀರಿನ ಮಂಡಳಿಯವರು ಪರಶಿವಯ್ಯನವರ ಕಡೆ ನೋಡಿದರು. ಬೋಂಡ ಹಿಡಿದಿದ್ದ ಕೈಗಳು ಹಾಗೇ ನಿಂತವು. ಒಬ್ಬರು, ಕಾರ್ಯಕ್ರಮ ನಿಲ್ಲಿಸಿಬಿಡೋಣ ಅಂದರು. ಪರಶಿವಯ್ಯನವರು ತಲೆ ಅಲ್ಲಾಡಿಸಿದರು. “ನಿಲ್ಲಿಸಿದ್ರೆ ಅದು ನಾವೇ ಅಂತ ಒಪ್ಕೊಂಡ ಹಾಗಾಗತ್ತೆ. ನಾನು ಹೆಂಗೂ ನಿವೃತ್ತಿ ಆಗ್ತಿದೀನಿ. ಆ ಹೆಣ್ಣುಮಗಳನ್ನೇ ನಿರ್ದೇಶಕಿ ಮಾಡಿ. ನಮ್ಮಷ್ಟು ಎತ್ರ ಬಂದ್ಮೇಲೆ ಅವ್ರಿಗೂ ನಗು ಬರಲ್ಲ.” ಎಲ್ಲರೂ ಬೋಂಡ ತಿಂದರು.

ಆದೇಶ ಬಂದ ಸಂಜೆ ಸ್ವಾಗತ ಸಮಿತಿಯವರು ಹಾರ ಹಿಡಿದು ಅವಳ ಮನೆ ಬಾಗಿಲಿಗೆ ಹೋದರು. ಅವಳು ಬೀದಿಯ ತಿರುವಿನಲ್ಲಿ ಬರುತ್ತಿದ್ದಳು. “ಅಂಬುಜಾಕ್ಷಿಯವರು ಇದ್ದಾರಾ?” ಅಂತ ಅವರು ಕೇಳಿದ್ದು, ಮೌನೇಶಾಚಾರಿ ಕೈಯ ಮರದ ಹೊಟ್ಟು ಒರೆಸಿಕೊಂಡು “ಅವರು ಇನ್ನೂ ಬಂದಿಲ್ಲ” ಅಂದದ್ದು ಎರಡೂ ಅವಳ ಕಿವಿಗೆ ಬಿದ್ದವು. ಅಲ್ಲೇ, ನಿಂತಲ್ಲೇ, ರವಿಕೆಯ ತೋಳಿನ ಹೊಲಿಗೆ ಬಿಟ್ಟಿತು. ಆಮೇಲೆ ಅವಳು, “ಯಾಕ್ರೀ ಹಾಗಂದ್ರಿ?” ಅಂತ ಕೇಳಿದಳಂತೆ. “ಬಂದೋರ ಮುಂದೆ ಇನ್ನೇನನ್ಲಿ? ಎಲ್ರೂ ಅಂತಾರೆ” ಅಂತ ಅವನು ನೆಲ ನೋಡಿದನಂತೆ. ಆ ರಾತ್ರಿ ಮಂಡಿಯೂರಿದರೂ ಬಾಗಿಲು ಅವಳನ್ನು ಒಳಗೆ ಬಿಡಲಿಲ್ಲ.

ತಿಂಗಳೊಳಗೆ ಹತ್ತಡಿ ಆದಳು. ದೊಡ್ಡವರ ಅತಿಥಿಗೃಹದಲ್ಲಿ ಕೋಣೆ ಕೊಟ್ಟರು. ಒಂದು ದಿನ ನಮ್ಮ ಕೋಣೆಗೆ ಟೈಪ್ ಮಾಡಿದ ಚೀಟಿ ಬಂತು, ಇತಿಹಾಸದಲ್ಲೇ ಮೊದಲ ಸಲ. ‘ತೊಲೆಯಪ್ಪನವರು ಸದಾ ಸಿಕ್ಕಿಕೊಳ್ಳುವುದು ಏಕತಾನವೆನಿಸುತ್ತದೆ. ಮುಂದಿನ ಕಂತಿನಿಂದ ಬಾಗಿಲುಗಳನ್ನು ಸ್ವಲ್ಪ ಎತ್ತಿ ಬರೆಯುವುದು.’ ಕೆಳಗೆ ಅಂಬುಜಾಕ್ಷಿಯ ಸಹಿ. ನಾನು ಬಾಗಿಲು ಎತ್ತಿ ಬರೆದೆ. ತೊಲೆಯಪ್ಪನವರು ಸಲೀಸಾಗಿ ಒಳಗೆ ಹೋದರು, ಕೂತರು, ಕಾಫಿ ಕುಡಿದರು, ಹೊರಗೆ ಬಂದರು. ನಗುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ನನಗೆ ಸಿಟ್ಟು ಬಂತು. ದೊಡ್ಡವರು ನಿಲ್ಲಿಸಲಾಗದ್ದನ್ನು ಇವಳು ತಾನೇ ನಿಲ್ಲಿಸುತ್ತಿದ್ದಾಳಲ್ಲ ಅಂತ.

ಅದೇ ವಾರ ಸೀಗೆಪುಡಿ ತರಲು ಹೋದವನು ಅವರ ಬೀದಿಯಿಂದ ಹಾದುಬಂದೆ. ಬೀದಿಗೆ ಅಡ್ಡಲಾಗಿ ಏನೋ ಮಲಗಿತ್ತು. ನೋಡಿದರೆ ಅಂಬುಜಾಕ್ಷಿ. ಮೈ ಚಾಚಿ ಬೋರಲಾಗಿ ಮಲಗಿ, ತಲೆಯನ್ನಷ್ಟೇ ಮನೆ ಬಾಗಿಲ ಒಳಗೆ ತೂರಿಸಿಕೊಂಡಿದ್ದಳು. ಒಳಗೆ ಮೌನೇಶಾಚಾರಿ ಮಣೆ ಹಾಕಿ ಕೂತು ಮುದ್ದೆ ಮುರಿದು ಅವಳ ಬಾಯಿಗೆ ಇಡುತ್ತಿದ್ದ. ದಿನಾ ಹೀಗೇ ಅಂತ ಎದುರುಮನೆಯವರು ಪಿಸುಗುಟ್ಟಿದರು. ಒಬ್ಬ ಸೈಕಲ್ಲನ್ನು ಅವಳ ಸೊಂಟಕ್ಕೆ ಒರಗಿಸಲು ಹೋಗಿ, ಮೇಡಂ ಅಂತ ಗೊತ್ತಾಗಿ, ಬೆನ್ನಿಗೆ ಕೈಮುಗಿದು ಹೋದ. ಅವನು ಕೈಮುಗಿದಾಗ ಅವಳ ಪಾದ ಇನ್ನೊಂದು ಕೂದಲೆಳೆಯಷ್ಟು ಆ ಕಡೆ ಸರಿಯಿತು. ನನಗೆ ಅಳು ಬಂತು. ನಗುವೂ ಬಂತು, ಯಾಕೆ ಸುಳ್ಳು ಹೇಳಲಿ.

ನಿರ್ದೇಶಕಿಯಾಗಿ ಅವಳು ಊರಿಗೆ ಮಾಡುವ ಮೊದಲ ಭಾಷಣ ಬುಧವಾರ ಒಂಬತ್ತಕ್ಕೆ ಅಂತ ಗೊತ್ತಾಯಿತು. ಗೆರೆ ದಾಟಿದವಳಾದ್ದರಿಂದ ನಾವೇ ಬರೆಯಬೇಕು. ಗೆರೆ ಎಳೆಯುವವರು ಮುಖದಿಂದ ಶುರುಮಾಡಿದರು. ಕ್ಯಾಲೆಂಡರಿನ ದೇವಿಯ ಹಾಗೆ ಒಂದು ಮುಖ ಬಂತು, ಅದು ಯಾರು ಅಂತ ಯಾರಿಗೂ ಗೊತ್ತಾಗಲಿಲ್ಲ. ನಾನು ಹಾಳೆ ಎಳೆದುಕೊಂಡೆ. ಹುಟ್ಟಾ ಮನುಷ್ಯರನ್ನು ಬರೆದವನಲ್ಲ. ಅವಳು ಕಲಿಸಿದ ಹಾಗೆ ಕಾಲಿನಿಂದ ಶುರುಮಾಡಿದೆ. ಬೀದಿಯಲ್ಲಿ ಚಾಚಿದ ಎರಡು ಪಾದ, ಚಪ್ಪಲಿ, ಮಣ್ಣು ಹತ್ತಿದ ಸೀರೆಯ ಅಂಚು, ಐದಡಿಯ ಬಾಗಿಲು, ಒಳಗೆ ಮಣೆ, ಮುದ್ದೆ ಹಿಡಿದ ಕೈ. ಬಾಗಿಲು ಬರೆಯುವಾಗ ಒಂದು ಬೆರಳೂ ಎತ್ತಲಿಲ್ಲ.

ಒಪ್ಪಿಗೆ ಬೇಕಲ್ಲ. ಹೇಳಿ ಕಳಿಸಿದೆವು. ಹೊರಗೆ ಮೆಟ್ಟಿಲ ಹತ್ತಿರ ಅವಳು ಕೂತ ಸದ್ದಾಯಿತು. ಬಾಗಿಲಿನಿಂದ ಒಂದು ದೊಡ್ಡ ಕೈ ಒಳಗೆ ಬಂದು ಅಂಗೈ ಚಾಚಿತು. ಹಾಳೆ ಇಟ್ಟೆ. ಕೈ ಹಿಂದೆ ಹೋಯಿತು. ನನ್ನ ಕೆಲಸ ಹೋಯಿತು ಅಂದುಕೊಂಡು ಕುಂಚಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದೆ. ಆಗ ಕಟ್ಟಡದ ಸೂರಿನ ಹೆಂಚುಗಳು ಗಡಗಡ ಅಂದವು. ಅವಳು ನಗುತ್ತಿದ್ದಳು. ದೊಡ್ಡವರು ಕಟ್ಟಡದ ಹತ್ತಿರ ನಗಬಾರದು ಅಂತ ಪುರಸಭೆಯ ನಿಯಮವೇ ಇದೆ. ನಾಲ್ಕು ಹೆಂಚು ಬಿದ್ದು ಒಡೆದವು.

ನಗು ನಿಂತಮೇಲೆ ಮುಖ ಬಾಗಿಲಿಗೆ ಬಂತು. ಕಣ್ಣಲ್ಲಿ ನೀರಿತ್ತು. “ಗಂಗಣ್ಣ, ಒಂದು ತಪ್ಪಾಗಿದೆ. ಮನೆಗೆ ಹೋಗ್ವಾಗ ಚಪ್ಪಲಿ ಮೆಟ್ಕೊಂಡು ಹೋಗ್ತೀನಾ? ಹೊರಗೆ ಬಿಡ್ತೀನಿ” ಅಂದಳು. ಪೆನ್ನು ಕೇಳಿದಳು. ಅವಳ ಬೆರಳಿಗೆ ಅದು ಕಡ್ಡಿಯಾಗಿತ್ತು, ಉಗುರಲ್ಲಿ ಕಚ್ಚಿ ಹಿಡಿದು ಪಾದವನ್ನು ಬರಿಗಾಲು ಮಾಡಿ, ಚಪ್ಪಲಿಯನ್ನು ಪಕ್ಕಕ್ಕೆ ಜೋಡಿಸಿ ಇಟ್ಟಳು. ಕೆಳಗೆ ವಕ್ರ ಅಕ್ಷರದಲ್ಲಿ ಎರಡು ಪದ ಬರೆದಳು. ‘ಇದು ನಾನೇ.’ ನಮ್ಮೂರಿನ ದೊಡ್ಡವರಲ್ಲಿ ಆ ಮಾತು ಹೇಳಿದವರು ಅದಕ್ಕೂ ಮುಂಚೆ ಯಾರೂ ಇರಲಿಲ್ಲ.

ಬುಧವಾರ ಊರು ಅದನ್ನು ನೋಡಿತು. ಮೊದಲು ನಕ್ಕಿತು. ಆಮೇಲೆ ಮನೆಮನೆಯಲ್ಲೂ ಹೆಂಗಸರು, “ಅಯ್ಯೋ, ಹೆಂಗ್ ಮಲಗವ್ಳೆ ನೋಡೇ ನಮ್ ಅಂಬುಜಾ” ಅಂದರು. “ಸೊಂಟ ಏನಾಗಿರಬೇಡ ಅವಳಿಗೆ” ಅಂದರು. ಅವಳು, ಅವಳಿಗೆ, ಅವಳ. ಗುರುವಾರ ತರಕಾರಿಯವಳು ಬೀದಿಯಲ್ಲೇ ಕೂಗಿದಳು: “ಅಂಬುಜಕ್ಕಾ, ಬಾ ಇಲ್ಲಿ, ಬೆನ್ನಿಗೆ ಎಣ್ಣೆ ಹಚ್ಕೊಂಡ್ಯಾ?” ಶುಕ್ರವಾರ ಅವಳ ಭುಜ ಬಾಗಿಲೊಳಗೆ ಹೋಯಿತು. ಸೋಮವಾರ ಮಂಡಿಯೂರಿ ಪೂರ್ತಿ ಒಳಗೆ ಹೋದಳು. ಮುಂದಿನ ಬುಧವಾರ ಎದ್ದು ನಡೆದೇ ಬಂದು, ಅಭ್ಯಾಸ ತಪ್ಪಿ, ಹಣೆಯನ್ನು ತೊಲೆಗೆ ಬಡಿದುಕೊಂಡಳು. “ಬಗ್ಗೇ” ಅಂದನಂತೆ ಮೌನೇಶಾಚಾರಿ. ಅಂದವನು ಅಲ್ಲೇ ಕೂತು ಅತ್ತನಂತೆ. ಇದನ್ನು ಅವಳೇ ಹೇಳಿದ್ದು, ಆಮೇಲೆ, ನಮ್ಮ ಕೋಣೆಯಲ್ಲಿ. ದೊಡ್ಡವರ ಸಭೆಗೆ ಅವಳು ಹೋದಳು, ಆದರೆ ಅಲ್ಲಿನ ಕುರ್ಚಿಯಲ್ಲಿ ಕೂತವಳು ಯಾರಿಗೂ ಕಾಣಿಸಲಿಲ್ಲ. ಮೂರು ಸಭೆಗೆ ಗೈರುಹಾಜರು ಅಂತ ನಿರ್ದೇಶಕ ಹುದ್ದೆಯಿಂದ ತೆಗೆದರು. ಗೆರೆ ಎಳೆಯುವವಳ ಜಾಗ ಖಾಲಿಯಿತ್ತು, ಅರ್ಜಿ ಹಾಕಿದಳು, ಸಿಕ್ಕಿತು. ತೊಲೆಯಪ್ಪನವರು ಮತ್ತೆ ಸಿಕ್ಕಿಕೊಳ್ಳತೊಡಗಿದರು.

ಈ ನಡುವೆ ಆ ಚಿತ್ರ ಬರೆದದ್ದು ಯಾರು ಅಂತ ಊರಿಗೆ ಗೊತ್ತಾಯಿತು. ಹೋಟೆಲಿನಲ್ಲಿ ಕಾಫಿಗೆ ಹೋದರೆ ಜಾಗ ಬಿಡುತ್ತಾರೆ. ಎರಡು ಸಂಘದವರು ಶಾಲು ಹೊದಿಸಿದರು. ‘ಗಂಗಣ್ಣನವರ ರೇಖೆ’ ಅಂತ ಒಬ್ಬರು ಲೇಖನವನ್ನೇ ಬರೆದರು. ನಾನೇನೂ ಬೇಡ ಅನ್ನಲಿಲ್ಲ. ಇಪ್ಪತ್ತಾರು ವರ್ಷ ಗುಡ್ಡ ಬರೆದವನಿಗೆ ಅಷ್ಟಾದರೂ ಆಗಲಿ ಅಂದುಕೊಂಡೆ. ಪ್ಯಾಂಟು ಗಿಡ್ಡವಾದದ್ದನ್ನು ಒಗೆದು ಕುಗ್ಗಿದೆ ಅಂದುಕೊಂಡೆ.

ನಿನ್ನೆ ಬೆಳಗ್ಗೆ ಕೋಣೆಗೆ ಬರುವಾಗ, ದಿನಾ ಬಗ್ಗುವಷ್ಟೇ ಬಗ್ಗಿದ್ದೆ. ತಲೆ ಫಟ್ ಅಂತ ಬಡಿಯಿತು. ಅಂಬುಜಾ ಒಳಗೆ ಮೇಜಿನ ಮುಂದೆ ಕೂತಿದ್ದಳು. ನನ್ನನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿದಳು.

“ಬಗ್ಗಬೇಕು, ಗಂಗಣ್ಣನವರೇ” ಅಂದಳು.

ಆಮೇಲೆ ಹೊಸ ಹಾಳೆ ತೆಗೆದುಕೊಂಡು ನನ್ನ ಚಪ್ಪಲಿ ಬರೆಯತೊಡಗಿದಳು.